ಕೆಂಬೆಳಕೂ ಮುಖದ ಸುಕ್ಕೂ

ನಮ್ಮ ನೆರೆಮನೆಯ ಗೃಹಿಣಿಯೊಬ್ಬರು ಒಂದು ಸಂಜೆ ನಮ್ಮಲ್ಲಿಗೆ ಬಂದು, ತಮ್ಮ ಮೊಬೈಲಿನಲ್ಲಿದ್ದ ಜಾಹೀರಾತೊಂದನ್ನು ತೋರಿಸಿದರು. ಬಿಳಿಯ ಮುಖವಾಡ ಧರಿಸಿ ಕುಳಿತ ಹೆಂಗಸು. ಆ ಮುಖವಾಡದ ಒಳಗೆಲ್ಲ ಕೆಂಡದಂತಹ ಬೆಳಕು. ದಿನಕ್ಕೆ 10 ನಿಮಿಷ ಹೀಗೆ ಕುಳಿತರೆ ಸೂಜಿಯಿಲ್ಲದೆ, ಕತ್ತಿಯಿಲ್ಲದೆ, ನೋವಿಲ್ಲದೆ ಪ್ರಾಯವು ಹಿಂದಕ್ಕೆ ಸರಿಯುವುದಂತೆ. ಬೆಲೆ 30,000 ರೂಪಾಯಿಗೆ ಸಮೀಪ. ಆ ತಾಯಿಗೆ 52 ವರ್ಷ. ಇನ್ನು ನಾಲ್ಕು ತಿಂಗಳಿಗೆ ಮಗಳ ಮದುವೆ. ಎರಡು ವರ್ಷ ಕಟ್ಟಿದ ಚೀಟಿಯ ಹಣ ಆಗತಾನೆ ಕೈಸೇರಿತ್ತು. "ಮದುವೆಯ ಫೋಟೋದಲ್ಲಿ ಹುಡುಗಿಯ ಅಜ್ಜಿಯ ಹಾಗೆ ಕಾಣಬಾರದು ನೋಡಿ. ಇದು ನಿಜವೋ, ಕಣ್ಕಟ್ಟೋ, ನೀವು ಸ್ವಲ್ಪ ವಿಚಾರಿಸಿ ಹೇಳಿ" ಎಂದರು.

ಇದು ನಕ್ಕು ಬಿಡತಕ್ಕ ಮಾತಲ್ಲ. ಮುಖದ ಚಿಂತೆಯನ್ನು ಹೆಂಗಸರ ಬೆಡಗೆಂದು ತಳ್ಳಿಹಾಕುವ ಗಂಡಸರು, ತಮ್ಮ ನರೆಗೆ ಬಣ್ಣ ಹಚ್ಚುವಾಗ ಅಷ್ಟು ವೈರಾಗ್ಯವನ್ನು ತೋರುವುದನ್ನು ನಾವು ಕಂಡಿಲ್ಲ. ಆದಕಾರಣ ವಿಚಾರಿಸಿದೆವು. ತಿಳಿದುಬಂದುದನ್ನು ನಮ್ಮ ವಾಚಕಿಯರ ಮುಂದೆಯೂ ಇಡುತ್ತೇವೆ.

ಬೆಳಕನ್ನು ಔಷಧವಾಗಿ ಬಳಸುವುದು ಹೊಸದೇನೂ ಅಲ್ಲ. ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್ ಎಂಬಾತನು ಚರ್ಮದ ಕ್ಷಯವನ್ನು ಬೆಳಕಿನಿಂದ ವಾಸಿಮಾಡಿ 1903ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಅದಕ್ಕೆ ಹತ್ತು ವರ್ಷ ಮೊದಲೇ ಅವನು ಸಿಡುಬಿನ ರೋಗಿಗಳನ್ನು ಕೆಂಪು ಬೆಳಕಿನ ಕೋಣೆಯಲ್ಲಿರಿಸಬೇಕೆಂದು ಸೂಚಿಸಿದ್ದುಂಟು; ಆದರೆ ಅವನ ಎಣಿಕೆಯಲ್ಲಿ ಕೆಂಪಿನ ಕೆಲಸವೆಂದರೆ ಉಳಿದ ಕಿರಣಗಳನ್ನು ತಡೆಯುವುದಷ್ಟೇ. ಕೆಂಪು ಬೆಳಕಿಗೆ ತನ್ನದೇ ಒಂದು ಗುಣವುಂಟೆಂಬುದು ಹೊರಬಿದ್ದದ್ದು ಬಹುಮಟ್ಟಿಗೆ ಆಕಸ್ಮಿಕವಾಗಿ. 1967ರಲ್ಲಿ ಹಂಗೇರಿ ದೇಶದ ಬುಡಾಪೆಸ್ಟ್ ನಗರದಲ್ಲಿ ಎಂಡ್ರೆ ಮೆಸ್ಟರ್ ಎಂಬ ವೈದ್ಯನು, ಲೇಸರ್ ಕಿರಣದಿಂದ ಅರ್ಬುದರೋಗ ಬರುವುದೋ ಎಂದು ನೋಡಲು, ಇಲಿಗಳ ಮೈಯ ಕೂದಲನ್ನು ಬೋಳಿಸಿ ಅವುಗಳ ಮೇಲೆ ಕೆಂಪು ಲೇಸರನ್ನು ಹಾಯಿಸಿದನು. ರೋಗವೇನೂ ಬರಲಿಲ್ಲ; ಬೆಳಕು ಬಿದ್ದ ಇಲಿಗಳಿಗೆ ಕೂದಲು ಮಾತ್ರ ಬೇಗ ಬೆಳೆಯಿತು! ಮುಂದೆ 1990ರ ದಶಕದಲ್ಲಿ, ಅಂತರಿಕ್ಷದಲ್ಲಿ ಗಿಡ ಬೆಳೆಸಲೆಂದು ಅಮೇರಿಕದ ನಾಸಾ ಸಂಸ್ಥೆಯ ನೆರವಿನಿಂದ ಸಿದ್ಧವಾದ ಕೆಂಪು ಎಲ್.ಇ.ಡಿ. ದೀಪಗಳನ್ನು ಗಾಯ ಮಾಯುವ ವಿಷಯದಲ್ಲಿಯೂ ಪರೀಕ್ಷಿಸಿದರು. ಇಂದಿನ ಮುಖವಾಡಗಳಲ್ಲಿರುವುದು ಅದೇ ಜಾತಿಯ ದೀಪ.

ಚರ್ಮದೊಳಗೆ ಆಗುವುದೇನು? ನಮ್ಮ ಚರ್ಮವನ್ನು ಬಿಗಿಯಾಗಿ ಹಿಡಿದಿರುವುದು ಕೊಲಾಜನ್ ಎಂಬ ನಾರು. ಮಂಚಕ್ಕೆ ನವಾರು ಹೇಗೋ ಹಾಗೆ. ವಯಸ್ಸಾದಂತೆ ಹೊಸ ನಾರು ಹುಟ್ಟುವುದು ಕಡಿಮೆಯಾಗುವುದು, ಹಳೆಯದು ಸವೆಯುವುದು, ನವಾರು ಸಡಿಲವಾಗುವುದು. ಈ ನಾರನ್ನು ನೇಯುವ ಜೀವಕೋಶಗಳಿಗೆ 630ರಿಂದ 660 ನಾನೋಮೀಟರ್ ತರಂಗಾಂತರದ ಕೆಂಪು ಬೆಳಕೂ, ಕಣ್ಣಿಗೆ ಕಾಣದ 830ರ ಆಸುಪಾಸಿನ ಬೆಳಕೂ ತಲುಪಿದರೆ, ಅವುಗಳೊಳಗಿನ ಮೈಟೊಕಾಂಡ್ರಿಯವೆಂಬ ಶಕ್ತಿಕೇಂದ್ರಗಳು ಚುರುಕಾಗುವುವೆಂದು ವಿಜ್ಞಾನಿಗಳಲ್ಲಿ ಬಹುಮಂದಿಯ ಅಭಿಪ್ರಾಯ. ಪೂರ್ಣ ನಿರ್ಣಯವಿನ್ನೂ ಆಗಿಲ್ಲ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳಂತೆ ಈ ಬೆಳಕು ಚರ್ಮವನ್ನು ಸುಡುವುದಿಲ್ಲ.

ಮನುಷ್ಯರ ಮೇಲೆ ಪರೀಕ್ಷೆಯಾಗಿದೆಯೇ? ಆಗಿದೆ. 2007ರಲ್ಲಿ ಪ್ರಕಟವಾದ ಕೊರಿಯಾ ದೇಶದ ಪರೀಕ್ಷೆಯೊಂದರಲ್ಲಿ 76 ಜನರಿಗೆ ಮುಖದ ಅರ್ಧಭಾಗಕ್ಕೆ ಮಾತ್ರ, ವಾರಕ್ಕೆ ಎರಡು ಸಲದಂತೆ, ನಾಲ್ಕು ವಾರ ಚಿಕಿತ್ಸೆ ಕೊಟ್ಟರು. ಕೆಲವರಿಗೆ ತಿಳಿಸದೆ ಸುಳ್ಳು ಬೆಳಕನ್ನೇ ಕೊಟ್ಟರು. ನಿಜವಾದ ಬೆಳಕನ್ನು ಪಡೆದವರ ಸುಕ್ಕು ಅಳತೆಗೆ ಸಿಕ್ಕುವಷ್ಟು ಕಡಿಮೆಯಾಗಿತ್ತು. 2014ರಲ್ಲಿ ಪ್ರಕಟವಾದ ಜರ್ಮನಿಯ ಪರೀಕ್ಷೆಗೆ 136 ಮಂದಿ ಸೇರಿದ್ದರು. ಅಲ್ಲಿ 30 ಸಲದ ಚಿಕಿತ್ಸೆಯ ಬಳಿಕ ಚರ್ಮದ ನಯವೂ ಕೊಲಾಜನ್ನಿನ ಸಾಂದ್ರತೆಯೂ ಹೆಚ್ಚಿದ್ದುವು. ಆದುದರಿಂದ ಕಣ್ಕಟ್ಟೆಂದು ಹೇಳಲಾಗದು. ಆದರೆ ಕಣ್ಣಿನ ಸುತ್ತಲಿನ ಸಣ್ಣ ಗೆರೆಗಳು ಒಂದಿಷ್ಟು ತಿಳಿಯಾಗುವುದು ಬೇರೆ, ಹತ್ತು ವರ್ಷ ಚಿಕ್ಕವರಾಗಿ ಕಾಣುವುದು ಬೇರೆ. ಜೋತುಬಿದ್ದ ಕೆನ್ನೆಯನ್ನು ಯಾವ ದೀಪವೂ ಎತ್ತಿ ನಿಲ್ಲಿಸದು. ಆದ ಅಲ್ಪಸ್ವಲ್ಪ ಗುಣವೂ ವಾರಗಟ್ಟಲೆ ಬಿಡದೆ ಕುಳಿತವರಿಗೇ ಹೊರತು, ಮದುವೆಗೆ ಎಂಟು ದಿನವಿರುವಾಗ ಪೆಟ್ಟಿಗೆ ಬಿಚ್ಚಿದವರಿಗಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಬೆಳಕು ಹೆಚ್ಚಾದಷ್ಟೂ ಗುಣ ಹೆಚ್ಚೆಂದು ತಿಳಿಯಬಾರದು. ಸಸಿಮಡಿಗೆ ನೀರು ಮಿತಿಮೀರಿದರೆ ಬೇರು ಕೊಳೆಯುವಂತೆ, ಪ್ರಮಾಣ ಮೀರಿದ ಬೆಳಕು ಜೀವಕೋಶವನ್ನು ಮಂಕಾಗಿಸುವುದೆಂದು ಪ್ರಯೋಗಶಾಲೆಯ ಪರೀಕ್ಷೆಗಳಲ್ಲಿ ಕಂಡುಬಂದಿದೆ. ತರಂಗಾಂತರವೆಷ್ಟು, ಬೆಳಕಿನ ಬಲವೆಷ್ಟು ಎಂಬುದನ್ನು ಪೆಟ್ಟಿಗೆಯ ಮೇಲೆ ನಮೂದಿಸದ ಯಂತ್ರವನ್ನು ಕೊಳ್ಳುವುದೆಂದರೆ, ಹೆಸರಿಲ್ಲದ ಸೀಸೆಯಿಂದ ಔಷಧವನ್ನು ಕುಡಿದಂತೆಯೇ ಸರಿ. ಅಮೇರಿಕದ ಔಷಧಿ ಇಲಾಖೆಯ ಅನುಮತಿಯಿದೆಯೆಂಬ ಮಾತು ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿರುತ್ತದೆ. ಆ ಅನುಮತಿಯ ಅರ್ಥ ಸಾಮಾನ್ಯವಾಗಿ ಇಷ್ಟೇ: ಈ ಯಂತ್ರವು ಈಗಾಗಲೇ ಮಾರಾಟದಲ್ಲಿರುವ ಇನ್ನೊಂದಕ್ಕೆ ಸಮಾನವಾಗಿದೆ.

ನಮ್ಮ ಬಣ್ಣದವರಿಗೆ ವಿಶೇಷವಾಗಿ ಹೇಳಬೇಕಾದದ್ದೊಂದಿದೆ. ಅಮೇರಿಕದಲ್ಲಿ ಎಲ್.ಇ.ಡಿ. ಕೆಂಬೆಳಕಿನ ಪ್ರಮಾಣವನ್ನು ಏರಿಸುತ್ತ ಪರೀಕ್ಷಿಸಿದಾಗ, ಕಪ್ಪು ಮತ್ತು ಕಂದುಬಣ್ಣದ ಚರ್ಮವು ಬಿಳಿಯರ ಚರ್ಮಕ್ಕಿಂತ ಕಡಿಮೆ ಪ್ರಮಾಣವನ್ನೇ ತಾಳಿಕೊಂಡಿತು. ಪಾಶ್ಚಾತ್ಯರಿಗಾಗಿ ಬರೆದ ಲೆಕ್ಕವನ್ನು ನಾವು ಹಾಗೆಯೇ ಅನುಸರಿಸಲಾಗದು. ನಮ್ಮ ಹೆಂಗಸರಲ್ಲಿ ಬಂಗು ಸಾಮಾನ್ಯ; ಬೆಳಕಿಗೂ ಶಾಖಕ್ಕೂ ಅದು ಕೆರಳಬಹುದಾದುದರಿಂದ, ಬಂಗು ಇರುವವರು ಚರ್ಮವೈದ್ಯರನ್ನು ಕೇಳದೆ ಇದರ ಹತ್ತಿರ ಹೋಗತಕ್ಕದ್ದಲ್ಲ. ಬಿಸಿಲಿಗೆ ಚರ್ಮವನ್ನು ಸೂಕ್ಷ್ಮಗೊಳಿಸುವ ಔಷಧಗಳನ್ನು ಸೇವಿಸುವವರೂ, ಕಣ್ಣಿನ ರೋಗವಿರುವವರೂ ಹಾಗೆಯೇ. 2019ರಲ್ಲಿ ಅಮೇರಿಕದ ಕಂಪೆನಿಯೊಂದು ಮೊಡವೆಗೆಂದು ಮಾರಿದ ಬೆಳಕಿನ ಮುಖವಾಡವನ್ನು, ಕೆಲವರ ಕಣ್ಣಿಗೆ ಹಾನಿಯಾದೀತೆಂಬ ಶಂಕೆಯಿಂದ ಹಿಂದಕ್ಕೆ ತೆಗೆದುಕೊಂಡಿತು. ಕಣ್ಣುಗಳನ್ನು ಮರೆಮಾಡಿಕೊಳ್ಳದೆ ದೀಪದೆದುರು ಕೂರಬಾರದು.

ಇಷ್ಟೆಲ್ಲವನ್ನೂ ಓದುತ್ತಿದ್ದಾಗ ನಮ್ಮ ಕಣ್ಣಿಗೆ ಬಿದ್ದ ಮತ್ತೊಂದು ಪರೀಕ್ಷೆಯು ಕೆಂಬೆಳಕಿನದೇ ಅಲ್ಲ. ಆಸ್ಟ್ರೇಲಿಯದಲ್ಲಿ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿ, 2013ರಲ್ಲಿ ಪ್ರಕಟಿಸಿದ್ದು. ಬಿಸಿಲು ತಡೆಯುವ ಲೇಪವನ್ನು ಪ್ರತಿದಿನವೂ ಹಚ್ಚಿದವರಲ್ಲಿ, ಮನಬಂದಾಗ ಹಚ್ಚಿದವರಿಗಿಂತ ಚರ್ಮದ ಮುಪ್ಪು ನೂರಕ್ಕೆ 24ರಷ್ಟು ಕಡಿಮೆಯಾಗಿತ್ತು. ಮುಖದ ನವಾರನ್ನು ಕತ್ತರಿಸುವುದರಲ್ಲಿ ವಯಸ್ಸಿಗಿಂತ ಬಿಸಿಲಿನ ಪಾಲೇ ದೊಡ್ಡದು. ನೆರೆಯ ತಾಯಿಯವರು ದಿನವೂ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಬರಿಯ ಸೆರಗನ್ನು ಹೊದ್ದು ತರಕಾರಿಗೆ ಹೋಗುವುದನ್ನು ನಾವು ಇಪ್ಪತ್ತು ವರ್ಷದಿಂದ ಕಂಡಿದ್ದೇವೆ.

ನಾವು ಅವರಿಗೆ ಇದನ್ನೆಲ್ಲ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಪೂರ್ತಿ ಸುಳ್ಳಲ್ಲ" ಎಂದರು. ಮನುಷ್ಯರು ತಮಗೆ ಬೇಕಾದ ಮಾತನ್ನೇ ಆಯ್ದುಕೊಳ್ಳುತ್ತಾರೆ. ನಾವೂ ಅದಕ್ಕೆ ಹೊರತಲ್ಲ. ಯಂತ್ರವನ್ನು ಕೊಳ್ಳುವುದನ್ನು ಮಾತ್ರ ಮುಂದಕ್ಕೆ ಹಾಕಿ, ಚರ್ಮವೈದ್ಯರ ಬಳಿ ವಾರಕ್ಕೆ ಎರಡು ಸಲದಂತೆ ಕೆಲವು ವಾರ ನೋಡುವುದೆಂದು ನಿಶ್ಚಯಿಸಿದ್ದಾರೆ. ಗುಣವಾಯಿತೋ ಇಲ್ಲವೋ ಎಂದು ಕನ್ನಡಿಯನ್ನು ಕೇಳಿದರೆ ಅದು ದಿನಕ್ಕೊಂದು ಹೇಳುವುದು. ಅದಕ್ಕಾಗಿ ಒಂದೇ ಕಿಟಕಿಯ ಬಳಿ, ಒಂದೇ ಹೊತ್ತಿನಲ್ಲಿ, ತಿಂಗಳಿಗೊಂದು ಚಿತ್ರ ತೆಗೆಸಿಡಿರೆಂದು ನಾವು ಸೂಚಿಸಿದೆವು. ಮೊನ್ನೆ ಬೆಳಿಗ್ಗೆ ಮಗಳು ಅವರನ್ನು ನಡುಮನೆಯ ಕಿಟಕಿಯೆದುರು ಕೂರಿಸಿ ಮೊದಲನೆಯ ಚಿತ್ರವನ್ನು ತೆಗೆದಳು. ಅದನ್ನು ನಮಗೆ ತೋರಿಸಲು ಆ ತಾಯಿ ಒಪ್ಪಲಿಲ್ಲ. ಎರಡನೆಯದು ಆದ ಮೇಲೆ ಎರಡನ್ನೂ ಒಟ್ಟಿಗೆ ತೋರಿಸುತ್ತಾರಂತೆ.