ಚಿಪ್ ಬದುಕಿತು, ಷೇರು ಬಾಳಲಿಲ್ಲ

ವಿದ್ಯುತ್ ಮೀಟರಿನ ನಿಜವಾದ ಪರೀಕ್ಷೆ ಕರೆಂಟ್ ಹೋಗುವ ಕ್ಷಣದಲ್ಲಿ. ಒಳಗೆ ಉಳಿದ ಚೂರುಪಾರು ಶಕ್ತಿ ಆರುವುದರೊಳಗೆ ಕೊನೆಯ ರೀಡಿಂಗ್ ದಾಖಲಾಗಬೇಕು. ಸಾಮಾನ್ಯ ಇಇಪ್ರಾಮ್ ಮೆಮೊರಿ ಚಿಪ್‌ಗೆ ಒಂದು ಸಲ ಬರೆಯಲು ಸುಮಾರು 5 ಮಿಲಿಸೆಕೆಂಡ್ ಬೇಕು. ಹತ್ತು ಲಕ್ಷ ಸಲ ಬರೆಯುವ ಹೊತ್ತಿಗೆ ಅದರ ಆಯಸ್ಸು ಮುಗಿಯುತ್ತ ಬರುತ್ತದೆ. ಎಫ್-ರಾಮ್ ಎಂಬ ಚಿಪ್ ಹಾಗಲ್ಲ. ಮಾಹಿತಿ ಬಂದ ವೇಗದಲ್ಲೇ ಬರೆದುಕೊಳ್ಳುತ್ತದೆ, ಕರೆಂಟ್ ಇಲ್ಲದಿದ್ದರೂ ಮರೆಯುವುದಿಲ್ಲ, ಲಕ್ಷ ಕೋಟಿ ಸಲ ಬರೆದರೂ ಸವೆಯುವುದಿಲ್ಲ.

ಇದನ್ನು ಮಾರುಕಟ್ಟೆಗೆ ತಂದದ್ದು ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ 1984ರಲ್ಲಿ ಹುಟ್ಟಿದ ರಾಮ್‌ಟ್ರಾನ್. ಮೀಟರ್, ಕಾರು, ಪ್ರಿಂಟರ್, ಕಾರ್ಖಾನೆಯ ಯಂತ್ರಗಳಿಗೆಲ್ಲ ಚಿಪ್ ಕೊಟ್ಟ ಕಂಪನಿ. ಆದರೂ ಅದರ ಷೇರನ್ನು ನಂಬಿ ವರ್ಷಗಟ್ಟಲೆ ಕೂತವರ ಕೈಗೆ ಹೆಚ್ಚೇನೂ ಹತ್ತಲಿಲ್ಲ. ಎಐ ಅಬ್ಬರದಲ್ಲಿ ಮೆಮೊರಿ ಷೇರುಗಳ ಮಾತು ಎಲ್ಲೆಡೆ ಕೇಳುತ್ತಿದೆ. ಆರ್‌ಬಿಐನ ವಿದೇಶಕ್ಕೆ ಹಣ ಕಳಿಸಲು ಅವಕಾಶ ಕೊಡುವ ಎಲ್‌ಆರ್‌ಎಸ್ ಯೋಜನೆಯಡಿ ಬೆಂಗಳೂರಿನಲ್ಲಿ ಕುಳಿತೇ ಅಮೆರಿಕದ ಷೇರು ಕೊಳ್ಳಬಹುದು. ಹಾಗಾಗಿ ಈ ಹಳೆಯ ಕಂಪನಿಯ ಲೆಕ್ಕ ಇಂದಿಗೂ ಪಾಠವೇ.

ದೈತ್ಯರೇ ಮುಳುಗಿದ ಕಡಲು

ಮೆಮೊರಿ ವ್ಯಾಪಾರ ದೊಡ್ಡವರನ್ನೂ ಬಿಟ್ಟಿಲ್ಲ. ಜರ್ಮನಿಯ ಕಿಮೊಂಡಾ 2009ರಲ್ಲಿ, ಜಪಾನಿನ ಎಲ್ಪಿಡಾ 2012ರಲ್ಲಿ ದಿವಾಳಿಯಾದವು. ಕಾರ್ಖಾನೆಗೆ ಸುರಿದ ಹಣ ಅಪಾರ. ಬೆಲೆ ಕುಸಿದರೂ ಯಂತ್ರ ನಿಲ್ಲಿಸಲಾಗದು. ಎಲ್ಲರೂ ಹಾಗೆಯೇ ತಯಾರಿಸುತ್ತ ಹೋಗುವುದರಿಂದ ಬೆಲೆ ಇನ್ನಷ್ಟು ಕುಸಿಯುತ್ತದೆ. ಕೊನೆಗೆ ಕಂಪ್ಯೂಟರಿನ ಮುಖ್ಯ ಮೆಮೊರಿಯಾದ ಡಿರಾಮ್‌ನ ಬಹುಪಾಲು ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಈ ಮೂವರ ಪಾಲಾಯಿತು. ಸಣ್ಣ ಕಂಪನಿಗೆ ಉಳಿಯುವ ದಾರಿ, ದೊಡ್ಡವರು ಕಣ್ಣೆತ್ತಿ ನೋಡದ ಒಂದು ಮೂಲೆ ಹಿಡಿಯುವುದು. ಅಲ್ಲಿ ಪೈಪೋಟಿ ಕಡಿಮೆ, ಮಾರುಕಟ್ಟೆಯೂ ಚಿಕ್ಕದು. ಕಾಲು ಶತಮಾನ ಕಳೆದ ಮೇಲೂ, 2010ರಲ್ಲಿ, ರಾಮ್‌ಟ್ರಾನ್‌ನ ವಾರ್ಷಿಕ ವಹಿವಾಟು ಸುಮಾರು 7 ಕೋಟಿ ಡಾಲರ್ ಮಾತ್ರ.

ತಯಾರಿಸುವವರು ಯಾರು?

ಇಂಥ ಕಂಪನಿಯ ವಾರ್ಷಿಕ ವರದಿ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ಎಡ್ಗರ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಮೊದಲ ಪುಟದ ಹೊಗಳಿಕೆ ದಾಟಿ ‘ಅಪಾಯಗಳು’ ಎಂಬ ಅಧ್ಯಾಯಕ್ಕೆ ಹೋಗಬೇಕು. ಚಿಪ್ ತಯಾರಿಸುವ ಫೌಂಡ್ರಿ ಯಾರದು ಎಂಬುದು ಅಲ್ಲಿರುತ್ತದೆ. ರಾಮ್‌ಟ್ರಾನ್ ಒಂದು ಹಂತದಲ್ಲಿ ಫುಜಿತ್ಸು, ಆಮೇಲೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಗಳನ್ನು ನೆಚ್ಚಿಕೊಂಡಿತ್ತು. 2009ರಲ್ಲಿ ಐಬಿಎಂ ಜೊತೆಗೂ ಒಪ್ಪಂದ ಮಾಡಿಕೊಂಡಿತು. ಎಫ್-ರಾಮ್‌ನ ವಿಶೇಷ ಪದರವನ್ನು ಹೊಸ ಕಾರ್ಖಾನೆಯಲ್ಲಿ ಕೂರಿಸುವುದು ವರ್ಷಗಳ ಕೆಲಸ. 2011ರ ಆರಂಭದಲ್ಲಿ ಫೌಂಡ್ರಿಯಿಂದ ಸಾಕಷ್ಟು ಸರಕು ಬಾರದೆ ಆದಾಯಕ್ಕೆ ಪೆಟ್ಟು ಬಿತ್ತು. ಆರ್ಡರ್ ಇದ್ದೂ ಚಿಪ್ ಇಲ್ಲದ ಸ್ಥಿತಿ.

ಷೇರುಗಳ ಎಣಿಕೆ

ವರದಿಯಲ್ಲಿ ನೋಡಬೇಕಾದ ಎರಡನೆಯದು ಷೇರುಗಳ ಸಂಖ್ಯೆ. ಲಾಭ ಸಾಲದ ಕಂಪನಿ ಹೊಸ ಷೇರು ಮಾರಿ ಉಸಿರಾಡುತ್ತದೆ. ಪ್ರತಿ ಸಲವೂ ಹಳಬರ ಪಾಲು ತೆಳ್ಳಗಾಗುತ್ತದೆ. ರಾಮ್‌ಟ್ರಾನ್ 1999ರಲ್ಲಿ ಐದು ಷೇರು ಸೇರಿಸಿ ಒಂದು ಮಾಡಿತು; ಎಣಿಕೆ ಇಳಿಯಿತೇ ಹೊರತು ಯಾರ ಪಾಲೂ ಹೆಚ್ಚಲಿಲ್ಲ. ಮುಂದಿನ ಕತೆ ಇನ್ನೂ ಸ್ವಾರಸ್ಯ. 2011ರ ಮಾರ್ಚ್‌ನಲ್ಲಿ ಸೈಪ್ರೆಸ್ ಸೆಮಿಕಂಡಕ್ಟರ್ ಎಂಬ ಚಿಪ್ ಕಂಪನಿ ಷೇರಿಗೆ 3.01 ಡಾಲರ್ ಕೊಟ್ಟು ಕೊಳ್ಳಲು ಮುಂದಾಯಿತು. ರಾಮ್‌ಟ್ರಾನ್ ಆಡಳಿತ ಮಂಡಳಿ ಒಲ್ಲೆನೆಂದಿತು. ಅದೇ ವರ್ಷ ಅದೇ ಮಂಡಳಿ ಹೊಸ ಷೇರುಗಳನ್ನು 2 ಡಾಲರ್‌ಗೆ ಮಾರಿತು! 2012ರ ಜೂನ್‌ನಲ್ಲಿ ಸೈಪ್ರೆಸ್ 2.48 ಡಾಲರ್‌ನೊಂದಿಗೆ ಬಹಿರಂಗವಾಗಿಯೇ ಬಂತು. ಹಗ್ಗಜಗ್ಗಾಟದ ಬಳಿಕ ಸೆಪ್ಟೆಂಬರ್‌ನಲ್ಲಿ 3.10ಕ್ಕೆ ಒಪ್ಪಂದವಾಯಿತು, ಒಟ್ಟು ಸುಮಾರು 11 ಕೋಟಿ ಡಾಲರ್. ಕೊಲರಾಡೊ ಸ್ಪ್ರಿಂಗ್ಸ್‌ನದೇ ಆದ ಸಿಮ್‌ಟೆಕ್ ಎಂಬ ಮೆಮೊರಿ ಕಂಪನಿಯನ್ನೂ ಸೈಪ್ರೆಸ್ 2008ರಲ್ಲೇ ನುಂಗಿತ್ತು.

ಇದರಲ್ಲಿ ಗೆದ್ದವರೂ ಇದ್ದಾರೆ. 2 ಡಾಲರ್ ಆಸುಪಾಸಿನಲ್ಲಿ ಕೊಂಡವರು ಸುಮಾರು ಒಂದು ವರ್ಷದಲ್ಲಿ ಒಂದೂವರೆ ಪಟ್ಟು ಕಂಡರು. ತಂತ್ರಜ್ಞಾನಕ್ಕೆ ಮಾರುಹೋಗಿ ದುಬಾರಿ ಬೆಲೆಗೆ ಕೊಂಡವರಿಗೆ ಅದೇ 3.10 ಡಾಲರ್ ನಷ್ಟದ ಲೆಕ್ಕ. ಚಿಪ್ ಮಾತ್ರ ಗಟ್ಟಿ: 2020ರಲ್ಲಿ ಸೈಪ್ರೆಸ್ಸನ್ನು ಕೊಂಡ ಚಿಪ್ ಕಂಪನಿ ಇನ್‌ಫಿನಿಯಾನ್ ಇಂದಿಗೂ ಎಫ್-ರಾಮ್ ಮಾರುತ್ತಿದೆ.

ಕಷ್ಟದಲ್ಲಿರುವ ಸಣ್ಣ ಮೆಮೊರಿ ಕಂಪನಿಯನ್ನು ತೂಗುವಾಗ ಕೇಳಬೇಕಾದ್ದು ಇಷ್ಟು. ಕೈಯಲ್ಲಿರುವ ನಗದು ಎಷ್ಟು ತಿಂಗಳಿಗೆ ಸಾಕು? ಮೂರು ವರ್ಷಗಳಲ್ಲಿ ಷೇರುಗಳ ಸಂಖ್ಯೆ ಎಷ್ಟು ಏರಿದೆ? ಗೋದಾಮಿನ ಸರಕು ಮಾರಾಟಕ್ಕಿಂತ ವೇಗವಾಗಿ ಬೆಳೆಯುತ್ತಿದೆಯೇ? ಒಬ್ಬಿಬ್ಬರು ಗ್ರಾಹಕರ ಮೇಲೆಯೇ ನಿಂತಿದೆಯೇ? ನಾಳೆ ಇದನ್ನು ಕೊಳ್ಳುವವರು ಯಾರು, ಎಷ್ಟು ಕೊಟ್ಟಾರು? ಕೊನೆಯ ಪ್ರಶ್ನೆಗೆ ಸಿಗುವ ಬೆಲೆ ಇಂದಿನ ದರಕ್ಕಿಂತ ಕಡಿಮೆಯಿದ್ದರೆ, ಚಿಪ್ ಎಷ್ಟೇ ಚೆನ್ನಾಗಿದ್ದರೂ ಷೇರು ಬೇಡ.