ಗಾಳಿಗೆ ಬೀಳುವ ಮರ, ನಾವು ಕತ್ತರಿಸಿದ ಬೇರು

ಯುಗಾದಿ ಕಳೆದು ಅಶ್ವಿನಿ, ಭರಣಿ ಮಳೆಗಳ ಕಾಲ ಬಂತೆಂದರೆ ಬಯಲುಸೀಮೆಯ ಊರುಗಳಲ್ಲಿ ಕೊಡಲಿಗೆ ಬಿಡುವಿಲ್ಲ. ಮಧ್ಯಾಹ್ನವೆಲ್ಲ ಧಗೆ, ಸಂಜೆಯ ಹೊತ್ತಿಗೆ ದೂಳೆಬ್ಬಿಸುವ ಬಿರುಗಾಳಿ, ಕೆಲವೊಮ್ಮೆ ಬೆನ್ನಿಗೇ ಆಲಿಕಲ್ಲು. ಮರುದಿನದ ಪತ್ರಿಕೆಯಲ್ಲಿ ಕಾರಿನ ಮೇಲೆ ಒರಗಿದ ಮರದ ಚಿತ್ರ ಕಂಡವರಿಗೆ ತಮ್ಮ ಅಂಗಳದ ಮೂವತ್ತು ನಲವತ್ತು ವರ್ಷದ ಬೇವಿನ ಮೇಲೂ ಅನುಮಾನ ಹುಟ್ಟುತ್ತದೆ. ಭಯ ಸಹಜವೇ. ಆದರೆ ಆ ಭಯದಲ್ಲಿ ಮಾಡುವ ಉಪಚಾರವೇ ಎಷ್ಟೋ ಮರಗಳ ಬಲ ಕುಗ್ಗಿಸುತ್ತದೆ.

ತಪ್ಪು ಕಲ್ಪನೆ: ತಲೆ ಬೋಳಿಸಿದರೆ ಮರ ಗಾಳಿಗೆ ಬೀಳುವುದಿಲ್ಲ.

ಸತ್ಯ: ಆ ವರ್ಷದ ಮಟ್ಟಿಗೆ ಗಾಳಿಯ ಹೊಡೆತ ಕಡಿಮೆಯಾಗುವುದು ನಿಜ. ಮುಂದೇನಾಗುತ್ತದೆ ನೋಡಿ. ಎಲೆ ಕಳೆದುಕೊಂಡ ಮರಕ್ಕೆ ಅನ್ನ ತಯಾರಿಸುವ ದಾರಿಯೇ ಇಲ್ಲ. ಕೂಡಿಟ್ಟ ಶಕ್ತಿಯನ್ನೆಲ್ಲ ಸುರಿದು ಕಡಿದ ಮೊಂಡುಗಳ ಸುತ್ತ ಗೊಂಚಲು ಗೊಂಚಲಾಗಿ ಚಿಗುರು ತಳ್ಳುತ್ತದೆ. ಈ ಚಿಗುರು ಸಹಜವಾಗಿ ಬೆಳೆದ ಕೊಂಬೆಯಂತೆ ಕಾಂಡದ ಒಳಗಿನಿಂದ ಹೆಣೆದುಕೊಂಡು ಬಂದದ್ದಲ್ಲ. ಹೊರಪದರಕ್ಕೆ ಅಂಟಿಕೊಂಡು ನಿಂತದ್ದು. ಇತ್ತ ಮೊಂಡಿನ ಅಗಲ ಗಾಯದಿಂದ ಕೊಳೆ ಒಳಗಿಳಿಯುತ್ತದೆ. ಕೆಲವೇ ವರ್ಷಗಳಲ್ಲಿ ಉದ್ದನೆಯ, ಭಾರವಾದ ಕೊಂಬೆಗಳು ಕೊಳೆತ ಬುಡದ ಮೇಲೆ ನಿಂತಿರುತ್ತವೆ. ಮೊದಲಿಗಿಂತ ಅಪಾಯಕಾರಿ ಮರವೊಂದನ್ನು ನಾವೇ ದುಡ್ಡು ಕೊಟ್ಟು ಮಾಡಿಸಿಕೊಂಡಂತಾಯಿತು.

ಒಣಗಿದ, ಬಿರುಕುಬಿಟ್ಟ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಮಾತ್ರ ತೆಗೆಸಿ. ದೊಡ್ಡ ಮರದ ಹಸಿರಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚನ್ನು ಒಂದೇ ಸಲ ತೆಗೆಯಲೇಬಾರದು. ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ಒಳಗಿನ ರೆಂಬೆಗಳನ್ನೆಲ್ಲ ಸವರಿ ತುದಿಯಲ್ಲಷ್ಟೇ ಎಲೆ ಉಳಿಸುವುದೂ ತಪ್ಪು. ಭಾರವೆಲ್ಲ ತುದಿಗೆ ಹೋಗಿ ಕೊಂಬೆ ಮುರಿಯುತ್ತದೆ.

ತಪ್ಪು ಕಲ್ಪನೆ: ಕಡಿದ ಜಾಗಕ್ಕೆ ಬಣ್ಣವನ್ನೋ ಡಾಂಬರನ್ನೋ ಬಳಿದರೆ ಗಾಯ ಮಾಯುತ್ತದೆ.

ಸತ್ಯ: ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯುವುದಿಲ್ಲ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದುದ್ದಕ್ಕೆ ಸೀಳಿ ನೋಡಿ ತೋರಿಸಿದ್ದು ಇದನ್ನೇ: ಮರ ಕೆಟ್ಟ ಭಾಗವನ್ನು ಸುತ್ತ ಗೋಡೆ ಕಟ್ಟಿ ಅಲ್ಲೇ ತಡೆಯುತ್ತದೆ, ಅದರ ಮೇಲೆ ಹೊಸ ಪದರ ಬೆಳೆಸುತ್ತದೆ. ಬಣ್ಣ ಕೊಳೆಯನ್ನು ತಡೆಯದು. ಒಳಗೆ ತೇವ ಹಿಡಿದಿಟ್ಟರೆ ಕೊಳೆಗೇ ಅನುಕೂಲ. ಮುಖ್ಯವಾದದ್ದು ಎಲ್ಲಿ ಕಡಿಯುತ್ತೇವೆ ಎಂಬುದು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಂಗುರದಂತೆ ಒಂದು ಉಬ್ಬು ಇರುತ್ತದೆ. ಅದಕ್ಕೆ ತಾಗದಂತೆ, ಅದರ ಹೊರ ಅಂಚಿನಲ್ಲೇ ಕೊಯ್ಯಬೇಕು. ಗೋಡೆ ಕಟ್ಟುವ ಶಕ್ತಿ ಇರುವುದು ಆ ಉಬ್ಬಿನಲ್ಲಿ.

ತಪ್ಪು ಕಲ್ಪನೆ: ತಾಯಿಬೇರು ಆಳಕ್ಕಿಳಿದಿದೆ, ಪಕ್ಕದ ಬೇರು ಹೋದರೆ ಏನೂ ಆಗದು.

ಸತ್ಯ: ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿರುವ ನಂಬಿಕೆ ಇದೇ ಎಂದು ನನಗೆ ತೋರುತ್ತದೆ. ಸಸಿಯಾಗಿದ್ದಾಗಿನ ತಾಯಿಬೇರಿನ ಪ್ರಾಧಾನ್ಯ ಮರ ಬಲಿತಂತೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಮರವನ್ನು ಹಿಡಿದು ನಿಲ್ಲಿಸುವುದು ಸುತ್ತಲೂ ಚಾಚಿದ ಬೇರುಗಳು. ನೀರು ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೂವರೆ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ ಮತ್ತು ನೆರಳಿನ ಅಂಚನ್ನು ದಾಟಿ ಬಹುದೂರ ಹೋಗುತ್ತವೆ. ಚರಂಡಿಗೆ ಒಮ್ಮೆ, ನಲ್ಲಿ ಪೈಪಿಗೆ ಒಮ್ಮೆ, ಕೇಬಲ್ಲಿಗೆ ಇನ್ನೊಮ್ಮೆ ಅಗೆದಾಗ ಒಂದು ಮಗ್ಗುಲಿನ ಆಸರೆಯೇ ಹೋಗುತ್ತದೆ. ಹಸಿರು ಹಾಗೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕಾರು ಮಳೆಗಾಲ ಕಳೆದ ಮೇಲೆ, ಬಿರಿದ ಎರೆಮಣ್ಣು ಒಮ್ಮೆಲೇ ನೆನೆದು ಮೆತ್ತಗಾದ ಸಂಜೆ, ಮರ ಬುಡಸಮೇತ ಮಗುಚುತ್ತದೆ. ಆಗ ಎಲ್ಲರೂ ಬೈಯುವುದು ಗಾಳಿಯನ್ನು.

ಕಾಂಡ ಒಂದೂವರೆ ಅಡಿ ದಪ್ಪವಿದ್ದರೆ ಸುಮಾರು 18 ಅಡಿಯೊಳಗೆ ಅಗೆಯದಿರುವುದು ಲೇಸು. ಅಗೆಯಲೇಬೇಕೆಂದರೆ ಜೆಸಿಬಿ ಬೇಡ. ಕೈಯಿಂದ ಮಣ್ಣು ಬಿಡಿಸಿ, ಬೇರಿನ ಕೆಳಗಿನಿಂದ ಪೈಪು ದಾಟಿಸಿ. ಬುಡದವರೆಗೂ ಹಾಸಿದ ಸಿಮೆಂಟು, ಟೈಲ್ಸ್ ಕೂಡ ಬೇರಿನ ಉಸಿರು ಕಟ್ಟಿಸುತ್ತವೆ.

ತಪ್ಪು ಕಲ್ಪನೆ: ದೊಡ್ಡ ಮರಕ್ಕೆ ನೀರು ಬೇಡ, ಬೇಕಿದ್ದರೂ ಬುಡಕ್ಕೆ ದಿನಾ ಒಂದು ಕೊಡ ಸಾಕು.

ಸತ್ಯ: ವಿಜಯಪುರ, ಚಿತ್ರದುರ್ಗದಂತಹ ಕಡೆ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಮಳೆ ಕೈಕೊಟ್ಟ ವರ್ಷ, ಅದೂ ಸುತ್ತ ಕಾಂಕ್ರೀಟು ಇದ್ದರೆ, ಹಳೆಯ ಮರವೂ ಬಾಯಾರುತ್ತದೆ. ಕಾಂಡಕ್ಕೆ ತಾಗಿದಂತೆ ಹೊಯ್ದ ನೀರು ಹೀರುಬೇರಿಗೆ ಸರಿಯಾಗಿ ಸಿಗುವುದಿಲ್ಲ. ನೆರಳಿನ ಅಂಚಿನ ಸುತ್ತ, ಎರಡು ಮೂರು ವಾರಕ್ಕೊಮ್ಮೆ, ಪೈಪನ್ನು ಸಣ್ಣಗೆ ಬಿಟ್ಟು ಒಂದಡಿ ಆಳ ನೆನೆಯುವಷ್ಟು ಉಣಿಸಿ. ಕಬ್ಬಿಣದ ಸರಳು ಸಲೀಸಾಗಿ ಇಳಿದರೆ ನೆಂದಿದೆ ಎಂದರ್ಥ. ಉದುರಿದ ಎಲೆಗೆ ಬೆಂಕಿ ಹಚ್ಚಬೇಡಿ. ಮೂರ್ನಾಲ್ಕು ಅಂಗುಲ ದಪ್ಪ ಹರಡಿ, ಕಾಂಡಕ್ಕೆ ಮಾತ್ರ ತಾಗದಂತೆ ಬಿಡಿ. ಬರದಲ್ಲಿ ಯೂರಿಯಾ ಹಾಕಬೇಡಿ; ಅದರಿಂದ ಬರುವ ಎಳೆ ಚಿಗುರು ಇನ್ನಷ್ಟು ನೀರು ಕೇಳುತ್ತದೆ.

ತಪ್ಪು ಕಲ್ಪನೆ: ಪೊಟರೆಯ ಮರ, ಒಣಗಿದ ಬೇವು ಎರಡನ್ನೂ ಕಡಿಯಲೇಬೇಕು.

ಸತ್ಯ: ಕಾಂಡದ ನಡುವಿನ ತಿರುಳು ಸತ್ತ ಕಟ್ಟಿಗೆ, ಜೀವ ಇರುವುದು ಹೊರಪದರಗಳಲ್ಲಿ. ಸುತ್ತಲಿನ ಗೋಡೆ ದಪ್ಪವಾಗಿ, ಗಟ್ಟಿಯಾಗಿದ್ದರೆ ಪೊಟರೆಯ ಮರವೂ ನಿಲ್ಲುತ್ತದೆ. ಅದಕ್ಕೆ ಸಿಮೆಂಟು ತುಂಬಬೇಡಿ. ಮರ ತೂಗುತ್ತದೆ, ಸಿಮೆಂಟು ತೂಗದು. ಒಳಗಿನಿಂದ ಉಜ್ಜಿ ಗಾಯ ಮಾಡುತ್ತದೆ. ಬೇವಿನ ತುದಿಗಳು ಕಂದಾಗಿ ಒಣಗುವುದಕ್ಕೆ ಫೊಮಾಪ್ಸಿಸ್ ಎಂಬ ಶಿಲೀಂಧ್ರ ಒಂದು ಕಾರಣ. ಮರ ಸತ್ತಂತೆ ಕಂಡರೂ ಎಷ್ಟೋ ಸಲ ಮತ್ತೆ ಚಿಗುರುತ್ತದೆ, ಒಂದು ಋತು ಕಾಯಿರಿ. ನಿಮ್ಮದೇ ಅಂಗಳದ ಮರವಾದರೂ, ವಿನಾಯಿತಿ ಇರುವ ಕೆಲವು ಜಾತಿಗಳನ್ನು ಬಿಟ್ಟರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು.

ನಿಜವಾದ ಅಪಾಯದ ಗುರುತುಗಳು ಬೇರೆ. ಹೊಸದಾಗಿ ಬಂದ ವಾಲು, ವಾಲಿದ ಎದುರು ಮಗ್ಗುಲಲ್ಲಿ ಉಬ್ಬಿದ ಅಥವಾ ಬಿರಿದ ಮಣ್ಣು, ಬುಡದಲ್ಲಿ ಅಣಬೆ, ಕವಲಿನಲ್ಲಿ ಸೀಳು. ಅಶ್ವಿನಿ ಮಳೆಗೆ ಮುಂಚೆ ಒಂದು ಬೆಳಿಗ್ಗೆ ನಿಮ್ಮ ಮರದ ಸುತ್ತ ನಿಧಾನವಾಗಿ ನಡೆದು ನೋಡಿ. ಇವುಗಳಲ್ಲಿ ಒಂದು ಕಂಡರೂ ಅದರ ಕೆಳಗೆ ವಾಹನ ನಿಲ್ಲಿಸಬೇಡಿ, ಮಕ್ಕಳನ್ನು ಆಡಲು ಬಿಡಬೇಡಿ. ಅದೇ ದಿನ ಮರ ಬಲ್ಲವರನ್ನು ಕರೆಸಿ.