ದವಾಖಾನಿ ಚೀಟಿಯ ಲೆಕ್ಕ

ಹುಬ್ಬಳ್ಳಿಯ ಹಳೆಮಂದಿಗೆ ಆಸ್ಪತ್ರೆ ಅಂದರೆ ‘ದವಾಖಾನಿ’. ದೊಡ್ಡ ದವಾಖಾನಿ ಅಂದರೆ ವಿದ್ಯಾನಗರದ ಕಿಮ್ಸ್. 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜಾಗಿ ಶುರುವಾದ ಈ ದವಾಖಾನಿಗೆ ಗದಗ, ಹಾವೇರಿ, ಕೊಪ್ಪಳದ ಕಡೆಯಿಂದಲೂ ಜನ ಬರುತ್ತಾರೆ. ಅಪಘಾತದವರು, ಹೆರಿಗೆಯವರು ತುಂಬಿರುವ ಅಂಗಳದಲ್ಲಿ, ಬರೀ ಬಿ.ಪಿ. ಗುಳಿಗೆ ಬೇಕಾದ ಅಜ್ಜಿಯೂ ಚೀಟಿ ಹಿಡಿದು ಸರದಿಗೆ ನಿಲ್ಲುತ್ತಾಳೆ.

ಈ ಸಾಲು ಕರಗಿಸುವುದು ಹೇಗೆ? 1946ರ ಭೋರ್ ಸಮಿತಿ ದೂರದ ಗುರಿಯಾಗಿ ಹತ್ತಿಪ್ಪತ್ತು ಸಾವಿರ ಜನಕ್ಕೊಂದು ಆರೋಗ್ಯ ಕೇಂದ್ರ ಎಂದಿತ್ತು. 2013ರ ನಗರ ಆರೋಗ್ಯ ಅಭಿಯಾನ ಇಟ್ಟುಕೊಂಡ ಅಳತೆ 50 ಸಾವಿರಕ್ಕೊಂದು. ಹಳೆಯ ಅಂಕಿಗೆ ಮರಳಿದ್ದು ‘ನಮ್ಮ ಕ್ಲಿನಿಕ್’. 2022ರ ಡಿಸೆಂಬರ್ 14ರಂದು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಇದಕ್ಕೆ ಚಾಲನೆ ಕೊಟ್ಟದ್ದು ಹುಬ್ಬಳ್ಳಿಯ ಭೈರಿದೇವರಕೊಪ್ಪದಲ್ಲೇ. ರಾಜ್ಯಕ್ಕೆ 438 ಎಂಬ ಯೋಜನೆ. ಮೊದಲ ಕಂತು 100. ಒಬ್ಬ ಡಾಕ್ಟರು, ನರ್ಸ್, ಲ್ಯಾಬ್‌ನವರು, ಒಬ್ಬ ಸಹಾಯಕ.

ತೆರೆದದ್ದಾಯಿತು, ಅಳೆಯುವುದು? ಸುಲಭಕ್ಕೆ ಸಿಗುವುದು ದಿನದ ಚೀಟಿಗಳ ಸಂಖ್ಯೆ. ಬೆಳಿಗ್ಗೆ 9ರಿಂದ ಸಂಜೆ 4.30 ಅಂದರೆ 450 ನಿಮಿಷ. ಊಟದ ಹೊತ್ತು ಕಳೆಯದೆಯೂ 150 ಮಂದಿ ಬಂದರೆ ತಲೆಗೆ ಮೂರೇ ನಿಮಿಷ. ಅದೇನೂ ಕಡಿಮೆಯಲ್ಲ ಬಿಡಿ: 2017ರ ಒಂದು ಜಾಗತಿಕ ಅಧ್ಯಯನದಲ್ಲಿ ಭಾರತದ್ದು ಎರಡು ನಿಮಿಷದ ಆಸುಪಾಸು, ಸ್ವೀಡನ್ನಿನದು 22ಕ್ಕೂ ಹೆಚ್ಚು.

ಕೇಂದ್ರದ ಗುಣಮಟ್ಟ ಮಾನದಂಡ, ಅಧಿಕಾರಿಗಳ ಬಾಯಲ್ಲಿ ‘ಎನ್‌ಕ್ವಾಸ್’, ಸ್ವಲ್ಪ ಜಾಣ. ಪರಿಶೀಲಕರು ರಿಜಿಸ್ಟರ್ ತಿರುವಿ ಹಾಕುವುದಷ್ಟೇ ಅಲ್ಲ, ರೋಗಿಯನ್ನೂ ಮಾತಾಡಿಸುತ್ತಾರೆ. ಅದರ ಎಂಟನೆಯ ವಿಭಾಗದಲ್ಲಿ ಉತ್ಪಾದಕತೆ ಬೇರೆ, ದಕ್ಷತೆ ಬೇರೆ, ಚಿಕಿತ್ಸೆಯ ಸುರಕ್ಷೆ ಬೇರೆ. ಇವನ್ನು ಒಂದೇ ಗಂಟು ಕಟ್ಟಿದರೆ ಎಡವಟ್ಟು.

ಹೇಗೆಂದರೆ, ಬಿ.ಪಿ. ಹತೋಟಿಯಲ್ಲಿರುವ ಅಜ್ಜಿಗೆ ತಿಂಗಳ ಗುಳಿಗೆ ಕೊಟ್ಟರೆ ವರ್ಷಕ್ಕೆ 12 ಚೀಟಿ. ಮೂರು ತಿಂಗಳಿನದು ಒಮ್ಮೆಗೇ ಕೊಟ್ಟರೆ ನಾಲ್ಕೇ. ಅಂಥ ನೂರು ಜನರಿದ್ದರೆ 1,200ರ ಜಾಗದಲ್ಲಿ 400. ಡಾಕ್ಟರಿಗೆ ಹೊತ್ತು ಉಳಿಯಿತು, ಅಜ್ಜಿಗೆ ಚಿಗರಿ ಬಸ್ಸಿನ ಟಿಕೆಟ್ ಉಳಿಯಿತು. ಆದರೆ ವರದಿ ನೋಡುವವರ ಕಣ್ಣಿಗೆ ಕ್ಲಿನಿಕ್ ಕುಸಿದಿದೆ!

ಹಾಗಾಗಿ ನಾನಾದರೆ ರಿಜಿಸ್ಟರಿನಲ್ಲಿ ಹುಡುಕುವುದು ಮೊತ್ತವನ್ನಲ್ಲ. ನಾಲ್ಕನೆಯ ಸಲ ಬಂದ ಅಜ್ಜಿಯ ಹೆಸರಿನ ಮುಂದೆ ನರ್ಸ್ ಬರೆದ ಬಿ.ಪಿ. ಅಂಕಿ, ಇನ್ನೂ ಹತೋಟಿಯಲ್ಲೇ ಇದೆಯೇ ಎಂದು.